ಗೆರೆ, ದೀರ್ಘವೃತ್ತ, ಪೆಟ್ಟಿಗೆ: ಚಿತ್ರಕಲೆಗೆ ಕೈ ಪಳಗಿಸುವ ಮೊದಲ ಪಾಠಗಳು

ಅಡುಗೆಮನೆಯಿಂದ ಒಂದು ಸ್ಟೀಲ್ ಲೋಟ ತಂದು ಮೇಜಿನ ಮೇಲಿಟ್ಟು, ನೋಡಿಕೊಂಡು ಬಿಡಿಸಿ. ಅಳಿಸಬೇಡಿ, ತಿದ್ದಬೇಡಿ. ಹಾಳೆಯ ಮೂಲೆಯಲ್ಲಿ ದಿನಾಂಕ ಬರೆದು ಎತ್ತಿಡಿ.

ಹೊಸದಾಗಿ ಕಲಿಯುವವರ ಲೋಟದಲ್ಲಿ ಹೆಚ್ಚಾಗಿ ನಾಲ್ಕು ದೋಷ ಕಾಣುತ್ತವೆ. ಲೋಟದ ಬಾಯಿ ಎರಡೂ ತುದಿಯಲ್ಲಿ ನಿಂಬೆಹಣ್ಣಿನಂತೆ ಚೂಪಾಗಿರುತ್ತದೆ. ತಳ ಒಂದು ನೇರ ಗೆರೆಯಾಗಿರುತ್ತದೆ. ಅಕ್ಕಪಕ್ಕದ ಗೆರೆಗಳು ಒಂದೇ ಎಳೆಯಾಗಿರದೆ, ಚೂರು ಚೂರು ಗೆರೆಗಳನ್ನು ಒತ್ತೊತ್ತಾಗಿ ಸೇರಿಸಿ ಮಾಡಿದಂತಿರುತ್ತವೆ. ಇಡೀ ಲೋಟ ಒಂದು ಬದಿಗೆ ವಾಲಿರುತ್ತದೆ. ಇದರಲ್ಲಿ ಯಾವುದೂ ಹುಟ್ಟಿನಿಂದ ಬಂದ ಕೊರತೆಯಲ್ಲ. ಚೂರು ಗೆರೆಗೆ ಕಾರಣ ಕೈ ಯಾವ ಕೀಲಿನಿಂದ ಆಡುತ್ತಿದೆ ಎಂಬುದು. ಚೂಪು ಬಾಯಿಗೆ ಮತ್ತು ವಾಲುವಿಕೆಗೆ ಕಾರಣ ದೀರ್ಘವೃತ್ತದ, ಅಂದರೆ ಓರೆಯಿಂದ ನೋಡಿದಾಗ ಚಪ್ಪಟೆಯಾಗಿ ಕಾಣುವ ವೃತ್ತದ, ಅಕ್ಷಗಳ ಪರಿಚಯ ಇಲ್ಲದಿರುವುದು. ಚಪ್ಪಟೆ ತಳ ಬರುವುದು ಕಣ್ಣು ಕಂಡದ್ದನ್ನು ಬಿಟ್ಟು, ‘ಲೋಟದ ತಳ ಸಪಾಟು’ ಎಂದು ತಲೆಗೆ ಗೊತ್ತಿರುವುದನ್ನು ಬಿಡಿಸಿದ್ದರಿಂದ.

ಈ ದೋಷಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳುವ ಅಭ್ಯಾಸಕ್ರಮ ಇಲ್ಲಿದೆ: ಮೊದಲು ಗೆರೆ, ಆಮೇಲೆ ದೀರ್ಘವೃತ್ತ, ಆಮೇಲೆ ಪೆಟ್ಟಿಗೆ. ಶುರು ಮಾಡುವ ಮುನ್ನ ಒಂದು ಮಾತು ಒಪ್ಪಿಕೊಳ್ಳಬೇಕು. ಎಷ್ಟು ಹಾಳೆ ತುಂಬಿಸಿದಿರಿ ಎಂಬುದಕ್ಕಿಂತ, ತುಂಬಿಸಿದ ಹಾಳೆಯನ್ನು ಬೇರೆ ಬಣ್ಣದ ಪೆನ್ನು ಹಿಡಿದು ತಪಾಸಣೆ ಮಾಡಿದಿರಾ ಎಂಬುದು ದೊಡ್ಡದು. ತಪಾಸಣೆ ಇಲ್ಲದೆ ನೂರು ಹಾಳೆ ತುಂಬಿಸಿದರೆ ಕೈಗೆ ತಪ್ಪೇ ರೂಢಿಯಾಗುತ್ತದೆ. ಹಾಗಾಗಿ ಕೆಳಗಿನ ಪ್ರತಿ ಅಭ್ಯಾಸದ ಜೊತೆ ಅದನ್ನು ಪರೀಕ್ಷಿಸುವ ಬಗೆಯನ್ನೂ ಕೊಟ್ಟಿದೆ. ಅದನ್ನು ಬಿಟ್ಟು ಮುಂದೆ ಹೋಗಬೇಡಿ.

ಸಾಮಾನು

ಝೆರಾಕ್ಸ್ ಅಂಗಡಿಯ 70 ಅಥವಾ 75 ಜಿಎಸ್‌ಎಂ ಎ4 ಹಾಳೆ ಸಾಕು. ಒಂದು ಬದಿ ಮುದ್ರಿಸಿದ ಹಾಳೆಯ ಖಾಲಿ ಬದಿಯೂ ಆದೀತು. ಗೆರೆ ಹಾಕಿದ ನೋಟ್‌ಬುಕ್ ಬೇಡ, ಕಣ್ಣು ಆ ಗೆರೆಗಳ ಜಾಡು ಹಿಡಿಯುತ್ತದೆ. ಬೈಂಡಾದ ಸ್ಕೆಚ್‌ಬುಕ್ಕೂ ಈಗ ಬೇಡ. ಹಾಳೆಯನ್ನು ಸುತ್ತಲೂ ತಿರುಗಿಸುವುದು ಈ ಅಭ್ಯಾಸದ ಮುಖ್ಯ ಭಾಗ, ದಪ್ಪ ಪುಸ್ತಕ ಅದಕ್ಕೆ ಅಡ್ಡಿ. ಬಿಡಿಸುವ ಹಾಳೆಯ ಕೆಳಗೆ ನಾಲ್ಕೈದು ಹಾಳೆ ಇಟ್ಟುಕೊಳ್ಳಿ. ಗಟ್ಟಿ ಮೇಜಿನ ಮೇಲೆ ಒಂಟಿ ಹಾಳೆ ಇಟ್ಟರೆ ಪೆನ್ನಿನ ಮೊನೆ ಜಾರುತ್ತದೆ.

ಪೆನ್ನು 0.5 ಮಿ.ಮೀ. ಫೈನ್‌ಲೈನರ್ ಆದರೆ ಉತ್ತಮ. ಒತ್ತದೆ ಬಿಟ್ಟರೂ ಶಾಯಿ ಸಮನಾಗಿ ಬರುತ್ತದೆ, ಎಲ್ಲಾದರೂ ಅನುಮಾನಿಸಿ ನಿಂತರೆ ಅಲ್ಲೊಂದು ಚುಕ್ಕೆ ಮೂಡಿ ನಿಮಗೇ ತೋರಿಸಿಕೊಡುತ್ತದೆ. ಇಲ್ಲದಿದ್ದರೆ ಮಾಮೂಲಿ ಬಾಲ್ ಪೆನ್ನು. ಮೊನೆಗೆ ಶಾಯಿಯ ಗಂಟು ಕೂರುತ್ತದೆ, ಆಗಾಗ ಒರೆಸಿಕೊಳ್ಳಬೇಕು ಅಷ್ಟೆ. ಜೆಲ್ ಪೆನ್ನು ವೇಗದ ಗೆರೆಯಲ್ಲಿ ನಡುನಡುವೆ ಶಾಯಿ ಬಿಡದೆ ಹೋಗುವುದುಂಟು. ಪೆನ್ಸಿಲ್ ಬೇಡ ಎನ್ನುವುದಕ್ಕೆ ಒಂದೇ ಕಾರಣ: ಅದರ ಬೆನ್ನಿಗೇ ರಬ್ಬರ್ ಬರುತ್ತದೆ. ಅಳಿಸಬಹುದು ಎಂಬ ಧೈರ್ಯವಿದ್ದರೆ ಯೋಚಿಸದೆ ಎಳೆಯುತ್ತೇವೆ. ಪೆನ್ನಾದರೆ ಎಳೆಯುವ ಮುಂಚೆ ತೀರ್ಮಾನ ಮಾಡಲೇಬೇಕು.

ಇವಲ್ಲದೆ 30 ಸೆಂ.ಮೀ. ಸ್ಕೇಲು, ಜಾಮೆಟ್ರಿ ಬಾಕ್ಸಿನ ತ್ರಿಕೋನ, ಕೆಂಪು, ಹಸಿರು, ನೀಲಿ ಪೆನ್ನು ಒಂದೊಂದು, ಒಂದು ಬಳೆ, ಒಂದು ಬೆಂಕಿಪೊಟ್ಟಣ.

ಕೈ ಆಡುವ ಕೀಲು

ಬರೆಯುವಾಗ ನಾವು ಬೆರಳಿನಿಂದ ಬರೆಯುತ್ತೇವೆ. ಕನ್ನಡದ ಅಕ್ಷರಗಳು ದುಂಡಗಿನವು, ಚಿಕ್ಕ ಜಾಗದಲ್ಲಿ ಹಲವು ಸುತ್ತು ತಿರುಗುವಂಥವು. ವರ್ಷಗಟ್ಟಲೆ ಹಾಗೆ ಬರೆದ ಕೈ ಪೆನ್ನನ್ನು ಮೊನೆಯ ಹತ್ತಿರ ಬಿಗಿಯಾಗಿ ಹಿಡಿದು, ಬೆರಳಷ್ಟನ್ನೇ ಆಡಿಸಲು ಒಗ್ಗಿಹೋಗಿರುತ್ತದೆ. ಬೆರಳಿನಿಂದ ಎರಡು ಸೆಂ.ಮೀ. ಗೆರೆ ಚೆನ್ನಾಗಿ ಬರುತ್ತದೆ. ಹತ್ತು ಸೆಂ.ಮೀ. ಗೆರೆ ಬೇಕಾದಾಗ ಅದೇ ಬೆರಳು ಐದು ಬಾರಿ ಚೂರು ಚೂರಾಗಿ ಎಳೆದು ಜೋಡಿಸುತ್ತದೆ. ಲೋಟದ ಪಕ್ಕದ ಗೆರೆ ಹಾಗಾದದ್ದು ಇದರಿಂದಲೇ.

ಒಂದು ಪರೀಕ್ಷೆ ಮಾಡಿ. ಮೊಣಕೈಯನ್ನು ಮೇಜಿಗೆ ಊರಿ, ಮಣಿಕಟ್ಟನ್ನು ಬಾಗಿಸದೆ, ಪೆನ್ನನ್ನು ಎಡದಿಂದ ಬಲಕ್ಕೆ ಬೀಸಿ. ಕೈವಾರ ಇಟ್ಟು ಎಳೆದಂತೆ ಕಮಾನು ಬರುತ್ತದೆ. ಈಗ ಮಣಿಕಟ್ಟನ್ನು ಊರಿ ಬೀಸಿ, ಕಮಾನು ಇನ್ನೂ ಬಿಗಿಯಾಗುತ್ತದೆ. ಮೊನೆಯಿಂದ ಕೀಲು ಎಷ್ಟು ದೂರವೋ ಗೆರೆ ಅಷ್ಟು ನೇರ. ಅತಿ ದೂರದ ಕೀಲು ಭುಜ. ಐದು ಸೆಂ.ಮೀ.ಗಿಂತ ಉದ್ದದ ಗೆರೆ, ಮೂರು ಸೆಂ.ಮೀ.ಗಿಂತ ಅಗಲದ ದೀರ್ಘವೃತ್ತ ಯಾವುದೇ ಇರಲಿ, ಭುಜದಿಂದ ಎಳೆಯುವುದನ್ನು ರೂಢಿ ಮಾಡಿಕೊಳ್ಳಿ.

ಪೆನ್ನನ್ನು ಮೊನೆಯಿಂದ ಮೂರು ನಾಲ್ಕು ಸೆಂ.ಮೀ. ಮೇಲೆ, ಸಡಿಲವಾಗಿ ಹಿಡಿಯಿರಿ. ಮೊಣಕೈ ಮೇಜಿಗೆ ಊರಬಾರದು. ಕಿರುಬೆರಳಿನ ಬದಿ ಮಾತ್ರ ಹಾಳೆಯ ಮೇಲೆ ತೇಲುತ್ತಾ ಸಾಗಲಿ. ಕರಾವಳಿಯ ಸೆಕೆಯಲ್ಲಿ ಅಂಗೈ ಹಾಳೆಗೆ ಅಂಟಿ ಗೆರೆ ತಡವರಿಸುತ್ತದೆ, ಕಿರುಬೆರಳಿನ ಕೆಳಗೊಂದು ಕಾಗದದ ಚೂರು ಇಟ್ಟುಕೊಂಡರೆ ಸರಿಹೋಗುತ್ತದೆ. ನೆಲದ ಮೇಲೆ ಕೂರುವವರು ಪರೀಕ್ಷೆಯ ಕ್ಲಿಪ್ ಪ್ಯಾಡನ್ನು ತೊಡೆಗೆ ಓರೆಯಾಗಿ ಒರಗಿಸಿಕೊಳ್ಳಲಿ. ಮೊದಲ ವಾರ ಗೆರೆಗಳು ಮುಂಚಿಗಿಂತ ಕೆಟ್ಟದಾಗಿ ಬರುತ್ತವೆ. ಭುಜಕ್ಕೆ ಈ ನಯದ ಕೆಲಸ ಹೊಸದು, ಹಾಗಾಗುವುದು ಸಹಜ. ಆದರೆ ಭುಜವೋ ಮಣಿಕಟ್ಟೋ ನೋಯತೊಡಗಿದರೆ ಅಂದಿನ ಅಭ್ಯಾಸ ಅಲ್ಲಿಗೇ ನಿಲ್ಲಿಸಿ.

ಗೆರೆ

ಮೊದಲ ಅಭ್ಯಾಸ: ಸ್ಕೇಲಿನಿಂದ 5, 10, 15, 20 ಸೆಂ.ಮೀ. ಉದ್ದದ ಗೆರೆಗಳನ್ನು ಎರಡೆರಡು ಹಾಕಿ. ಪ್ರತಿಯೊಂದರ ಮೇಲೂ ಕೈಯಿಂದಲೇ ಎಂಟು ಬಾರಿ ಎಳೆಯಿರಿ. ಪ್ರತಿ ಸಲವೂ ಮೊನೆಯನ್ನು ಆರಂಭದ ತುದಿಗೆ ಸರಿಯಾಗಿ ಇಟ್ಟು, ಒಂದು ಉಸಿರು ತೆಗೆದುಕೊಂಡು, ಒಂದೇ ವೇಗದಲ್ಲಿ ಕೊನೆ ಮುಟ್ಟಿಸಿ. ದಾರಿಯಲ್ಲಿ ಗೆರೆ ಪಕ್ಕಕ್ಕೆ ಸರಿದರೆ ವಾಪಸು ಎಳೆದು ತರಬೇಡಿ, ಹೋದ ದಿಕ್ಕಿಗೇ ಹೋಗಲಿ.

ಪರೀಕ್ಷೆ: ಎಂಟು ಗೆರೆಗಳ ಕಟ್ಟು ಪೊರಕೆಯಂತಿರಬೇಕು, ಅಂದರೆ ಆರಂಭದಲ್ಲಿ ಒಟ್ಟಾಗಿ, ಕೊನೆಯಲ್ಲಿ ಸ್ವಲ್ಪ ಹರಡಿಕೊಂಡು. ಕೊನೆಯಲ್ಲಿ ಹರಡುವುದು ಅಭ್ಯಾಸದಿಂದ ಕಡಿಮೆಯಾಗುತ್ತದೆ. ಎರಡೂ ತುದಿ ಹರಡಿದ್ದರೆ ಮೊನೆ ಇಡುವಾಗ ಅವಸರ ಮಾಡಿದ್ದೀರಿ. ಆ ಅವಸರಕ್ಕೆ ಕೈಯನ್ನು ದೂರಬೇಕಿಲ್ಲ, ಅರ್ಧ ಸೆಕೆಂಡು ನಿಂತರೆ ಹೋಗುತ್ತದೆ.

ಎರಡನೆಯ ಅಭ್ಯಾಸವೇ ಈ ಇಡೀ ಕ್ರಮದ ಬೇರು, ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ಹಾಳೆಯ ಮೇಲೆ 8ರಿಂದ 10 ಸೆಂ.ಮೀ. ಅಂತರದಲ್ಲಿ ಎರಡು ಚುಕ್ಕಿ ಇಡಿ. ಈಗ ನಾಲ್ಕು ಹೆಜ್ಜೆ:

1. ಹಾಳೆ ತಿರುಗಿಸಿ. ಬಲಗೈಯವರಿಗೆ ಕೆಳಗಿನ ಎಡದಿಂದ ಮೇಲಿನ ಬಲಕ್ಕೆ ಓರೆಯಾಗಿ ಎಳೆಯುವುದು ಸಾಮಾನ್ಯವಾಗಿ ಸಲೀಸು, ಎಡಗೈಯವರಿಗೆ ಇದರ ಉಲ್ಟಾ. ಎರಡು ಚುಕ್ಕಿ ಆ ದಿಕ್ಕಿಗೆ ಬರುವ ಹಾಗೆ ಹಾಳೆಯನ್ನೇ ತಿರುಗಿಸಿ.

2. ಗಾಳಿಯಲ್ಲಿ ಎಳೆಯಿರಿ. ಮೊನೆ ಹಾಳೆಗೆ ತಾಗದಂತೆ, ಒಂದು ಚುಕ್ಕಿಯಿಂದ ಇನ್ನೊಂದಕ್ಕೆ ನಾಲ್ಕೈದು ಬಾರಿ ಕೈ ಆಡಿಸಿ. ಭುಜ ಆಡುತ್ತಿದೆಯೇ ಗಮನಿಸಿ.

3. ಕಣ್ಣನ್ನು ತಲುಪಬೇಕಾದ ಚುಕ್ಕಿಯ ಮೇಲೆ ನೆಡಿ. ಮೊನೆಯನ್ನು ನೋಡಬೇಡಿ.

4. ಅದೇ ಲಯದಲ್ಲಿ ಮೊನೆ ಇಳಿಸಿ ಎಳೆಯಿರಿ. ಚುಕ್ಕಿ ಬಂದಾಗ ಕೈಗೆ ಬ್ರೇಕ್ ಹಾಕದೆ ಪೆನ್ನನ್ನು ಮೇಲೆತ್ತಿ.

ಮೂರನೆಯ ಹೆಜ್ಜೆಯಲ್ಲಿ ಹೆಚ್ಚಿನವರು ಎಡವುತ್ತಾರೆ. ಚುಕ್ಕಿ ರಂಗೋಲಿ ಹಾಕುವ ನುರಿತ ಕೈಯನ್ನು ಗಮನಿಸಿದ್ದೀರಾ? ಪುಡಿ ಬೀಳುವ ಜಾಗದಲ್ಲಿ ಕಣ್ಣಿರುವುದಿಲ್ಲ, ಎಳೆ ಸೇರಬೇಕಾದ ಮುಂದಿನ ಚುಕ್ಕಿಯ ಮೇಲಿರುತ್ತದೆ. ಎಳೆ ನಡುವೆ ನಿಲ್ಲುವುದಿಲ್ಲ. ಬಾಗಿ ನಿಂತಿರುವುದರಿಂದ ತೋಳು ತಾನಾಗಿ ಭುಜದಿಂದ ಆಡುತ್ತದೆ. ಮನೆಯಂಗಳದಲ್ಲಿ ರಂಗೋಲಿ ಹಾಕುವವರಿಗೆ ಈ ಅಭ್ಯಾಸ ಬೇಗ ಕೈಗೆ ಹತ್ತುವುದು ಅದಕ್ಕೇ.

ಒಂದು ಹಾಳೆಗೆ ಇಂಥ ಇಪ್ಪತ್ತು ಗೆರೆ. ಮುಗಿದ ಮೇಲೆ ಪ್ರತಿ ಗೆರೆಗೂ ಸ್ಕೇಲನ್ನು ತಾಗಿಸಿಟ್ಟು ನೋಡಿ, ತಪ್ಪಿನ ಬಗೆಯನ್ನು ಕೆಂಪು ಪೆನ್ನಿನಲ್ಲಿ ಒಂದಕ್ಷರದಿಂದ ಗುರುತು ಮಾಡಿ: ನಡುಕಕ್ಕೆ ‘ನ’, ಕಮಾನಿಗೆ ‘ಕ’, ಚುಕ್ಕಿ ದಾಟಿದ್ದಕ್ಕೆ ‘ದ’, ಗುರಿ ತಪ್ಪಿದ್ದಕ್ಕೆ ‘ಗ’. ಹಾಳೆಯಲ್ಲಿ ಯಾವ ಅಕ್ಷರ ಹೆಚ್ಚಿದೆಯೋ ಮರುದಿನದ ಗಮನ ಅದರ ಮೇಲೆ.

ನಡುಕಕ್ಕೆ ಕಾರಣ ನಿಧಾನ. ನಿಧಾನವಾಗಿ ಎಳೆದರೆ ಮೆದುಳು ದಾರಿಯುದ್ದಕ್ಕೂ ತಿದ್ದುತ್ತಾ ಹೋಗುತ್ತದೆ, ಆ ಒಂದೊಂದು ತಿದ್ದುವಿಕೆಯೂ ಗೆರೆಯಲ್ಲಿ ಒಂದೊಂದು ಅಲೆಯಾಗಿ ಉಳಿಯುತ್ತದೆ. ಹತ್ತು ಸೆಂ.ಮೀ. ಗೆರೆಗೆ ಒಂದು ಸೆಕೆಂಡಿಗಿಂತ ಹೆಚ್ಚು ಬೇಡ. ಕಮಾನಿಗೆ ಕಾರಣ ಮೊಣಕೈ. ಅದು ಮೇಜಿಗೆ ತಾಗಿದೆಯೇ ನೋಡಿ. ತಾಗದೆಯೂ ಕಮಾನು ಬರುತ್ತಿದ್ದರೆ, ಸ್ವಲ್ಪ ದಿನ ಬೇಕೆಂದೇ ಉಲ್ಟಾ ದಿಕ್ಕಿಗೆ ಕೂದಲಷ್ಟು ಬಾಗಿಸಿ ಎಳೆಯಲು ನೋಡಿ. ಹತ್ತು ಸೆಂ.ಮೀ. ಗೆರೆಯ ನಡುಭಾಗ ಸ್ಕೇಲಿನಿಂದ ಒಂದು ಮಿ.ಮೀ. ಒಳಗೇ ಇದ್ದರೆ ಸಾಕು, ಅದಕ್ಕಿಂತ ಹೆಚ್ಚಿನದನ್ನು ಕೈಯಿಂದ ಕೇಳಬೇಕಿಲ್ಲ. ಗುರಿ ತಪ್ಪುವುದು ಗಾಳಿಯಲ್ಲಿ ಎಳೆಯುವುದನ್ನು ಬಿಟ್ಟಿದ್ದಕ್ಕೆ. ನಡುಕ ಮೊದಲು ಹೋಗಬೇಕು. ಗುರಿ ತಪ್ಪಿದರೂ ನಯವಾದ ಗೆರೆ, ಗುರಿ ಮುಟ್ಟಿದ ನಡುಗುವ ಗೆರೆಗಿಂತ ಮೇಲು. ನಯ ಬಂದ ಕೈಗೆ ಗುರಿ ಕಲಿಸಬಹುದು, ಗುರಿಗಾಗಿ ತೆವಳುವ ಕೈಗೆ ನಯ ಕಲಿಸುವುದು ಕಷ್ಟ. ತಪ್ಪು ಗೆರೆಯ ಮೇಲೆ ಮತ್ತೊಂದು ಗೆರೆ ಎಳೆದು ಮುಚ್ಚುವ ಚಪಲವೂ ಬೇಡ, ಕಣ್ಣಿಗೆ ಆ ತಪ್ಪು ಇಮ್ಮಡಿ ಕಾಣುತ್ತದೆ.

ಇದು ಕೈಗೆ ಬಂದ ಮೇಲೆ ನಾಲ್ಕು ಚುಕ್ಕಿ ಇಟ್ಟು ಚೌಕದಂಥ ನಾಲ್ಕು ಬದಿಯ ಆಕಾರ ಮಾಡಿ. ಮೂಲೆಯಿಂದ ಮೂಲೆಗೆ ಎರಡು ಕರ್ಣ, ಕರ್ಣಗಳು ಕೂಡುವಲ್ಲಿ ಹಾದುಹೋಗುವಂತೆ ಒಂದು ಅಡ್ಡ, ಒಂದು ಉದ್ದ ಗೆರೆ ಎಳೆಯಿರಿ. ಒಂದು ಆಕಾರಕ್ಕೆ ಎಂಟು ಗೆರೆ. ಹಾಳೆಗೆ ಹತ್ತು ಆಕಾರ. ಈ ಹಾಳೆಗಳನ್ನು ಎಸೆಯಬೇಡಿ, ದೀರ್ಘವೃತ್ತದ ಅಭ್ಯಾಸಕ್ಕೆ ಬೇಕು.

ದೀರ್ಘವೃತ್ತ

ಬಳೆಯನ್ನು ಮುಖದ ಎದುರು ಹಿಡಿದು ಒಂದು ಕಣ್ಣು ಮುಚ್ಚಿ. ನೇರ ಹಿಡಿದಾಗ ಪೂರ್ಣ ವೃತ್ತ. ನಿಧಾನವಾಗಿ ಹಿಂದಕ್ಕೆ ಮಲಗಿಸುತ್ತಾ ಹೋಗಿ. ಅಗಲ ಹಾಗೇ ಉಳಿಯುತ್ತದೆ, ಎತ್ತರ ಮಾತ್ರ ಕುಗ್ಗುತ್ತಾ ಕೊನೆಗೆ ಒಂದು ಗೆರೆಯಾಗುತ್ತದೆ. ಈ ನಡುವಿನ ಆಕಾರಗಳೆಲ್ಲ ದೀರ್ಘವೃತ್ತಗಳು. ಕುಗ್ಗದ ಅಗಲ ದೀರ್ಘಾಕ್ಷ, ಕುಗ್ಗುವ ಎತ್ತರ ಹ್ರಸ್ವಾಕ್ಷ. ಎಷ್ಟೇ ಚಪ್ಪಟೆಯಾದರೂ ಎರಡು ತುದಿಗಳು ಚೂಪಾಗುವುದಿಲ್ಲ, ಸಣ್ಣ ದುಂಡು ತಿರುವಾಗಿಯೇ ಇರುತ್ತವೆ. ಲೋಟದ ಬಾಯಿ ನಿಂಬೆಹಣ್ಣಾಗುವುದು ಈ ಸಣ್ಣ ತಿರುವನ್ನು ನುಂಗಿದಾಗ.

ಎಷ್ಟು ಕುಗ್ಗುತ್ತದೆ ಎಂಬುದಕ್ಕೆ ಲೆಕ್ಕವಿದೆ. ಆರು ಸೆಂ.ಮೀ. ಅಗಲದ ಬಳೆಯ ಮಟ್ಟಕ್ಕೂ ನಿಮ್ಮ ನೋಟಕ್ಕೂ 60 ಡಿಗ್ರಿ ಕೋನವಿದ್ದರೆ ಎತ್ತರ ಸುಮಾರು 5.2 ಸೆಂ.ಮೀ., 45 ಡಿಗ್ರಿಗೆ 4.2, 30 ಡಿಗ್ರಿಗೆ 3, 15 ಡಿಗ್ರಿಗೆ 1.6. ಅರ್ಧ ಮಲಗಿಸಿದರೆ ಅರ್ಧ ಎತ್ತರ ಎಂದು ಮನಸ್ಸು ಊಹಿಸುತ್ತದೆ, ನಿಜಕ್ಕೆ ಅರ್ಧ ಎತ್ತರ ಸಿಗುವುದು 30 ಡಿಗ್ರಿಗೆ. ಈ ನಾಲ್ಕು ಅಳತೆಯ ಪಟ್ಟಿಗಳನ್ನು ಹಾಳೆಯಲ್ಲಿ ಸ್ಕೇಲಿನಿಂದ ಹಾಕಿ, ಅವುಗಳೊಳಗೆ ಆರು ಸೆಂ.ಮೀ. ಅಗಲದ ದೀರ್ಘವೃತ್ತಗಳನ್ನು ಬಿಡಿಸುವುದು ಒಳ್ಳೆಯ ಆರಂಭ.

ಎಳೆಯುವ ಬಗೆ ಗೆರೆಯಂತೆಯೇ. ಗಾಳಿಯಲ್ಲಿ ಮೂರ್ನಾಲ್ಕು ಸುತ್ತು ಸುತ್ತಿ, ಲಯ ಸಿಕ್ಕಾಗ ಪೆನ್ನಿಳಿಸಿ, ನಿಲ್ಲದೆ ಎರಡು ಸುತ್ತು ಎಳೆದು ಎತ್ತಿಬಿಡಿ. ಒಂದೇ ಸುತ್ತಾದರೆ ಆರಂಭ ಮತ್ತು ಕೊನೆ ಕೂಡಿಸುವ ಚಿಂತೆಯಲ್ಲಿ ಕೈ ಬಿಗಿಯುತ್ತದೆ. ನಾಲ್ಕು ಸುತ್ತಾದರೆ ದಾರದುಂಡೆಯಂತಾಗಿ ಆಕಾರವೇ ಕಾಣುವುದಿಲ್ಲ.

ಆಮೇಲೆ ಮೂರು ಸೆಂ.ಮೀ. ಅಂತರದ ಎರಡು ಸಮಾನಾಂತರ ಗೆರೆಗಳ ನಡುವೆ, ಮೇಲಿನ ಗೆರೆ, ಕೆಳಗಿನ ಗೆರೆ, ಪಕ್ಕದ ದೀರ್ಘವೃತ್ತ ಮೂರಕ್ಕೂ ತಾಗುವಂತೆ ಒಂದೇ ಅಗಲ, ಒಂದೇ ಓರೆಯ ದೀರ್ಘವೃತ್ತಗಳನ್ನು ಸಾಲಾಗಿ ತುಂಬಿಸಿ. ತಾಗದೆ ಬಿಟ್ಟ ಸಂದನ್ನೂ ಗೆರೆ ದಾಟಿದ್ದನ್ನೂ ಕೆಂಪು ಪೆನ್ನಿನಲ್ಲಿ ಗುರುತಿಸಿ. ಆಕಾರ ಸರಿಯಿದೆಯೇ ತಿಳಿಯಲು ಇನ್ನೊಂದು ಪರೀಕ್ಷೆ: ಒಂದು ದೊಡ್ಡ ದೀರ್ಘವೃತ್ತದ ದೀರ್ಘಾಕ್ಷವನ್ನು ಸ್ಕೇಲಿನಿಂದ ಎಳೆದು, ಆ ಗೆರೆಗೆ ಹಾಳೆ ಮಡಚಿ, ಟ್ಯೂಬ್‌ಲೈಟಿನ ಎದುರು ಹಿಡಿಯಿರಿ. ಎರಡು ಅರ್ಧಗಳು ಒಂದರ ಮೇಲೊಂದು ಕೂರಬೇಕು. ಹ್ರಸ್ವಾಕ್ಷಕ್ಕೆ ಮಡಚಿದರೂ ಕೂರಬೇಕು. ಒಂದು ಬದಿ ದಪ್ಪ, ಇನ್ನೊಂದು ಬದಿ ಸಪೂರ ಇದ್ದರೆ ಅದು ಮೊಟ್ಟೆ, ದೀರ್ಘವೃತ್ತವಲ್ಲ. ಬಲಗೈಯವರ ಮೊಟ್ಟೆಗಳು ಹೆಚ್ಚಾಗಿ ಒಂದೇ ಬದಿಗೆ ದಪ್ಪಗಾಗುತ್ತವೆ. ಯಾವ ಬದಿಗೆ ಎಂದು ಒಮ್ಮೆ ತಿಳಿದರೆ ತಿದ್ದಿಕೊಳ್ಳುವುದು ಸುಲಭ.

ಈಗ ಅಕ್ಷದ ಮಾತು. ಚನ್ನಪಟ್ಟಣದ ಮರದ ಗೊಂಬೆಗಳನ್ನು ನೆನಪಿಸಿಕೊಳ್ಳಿ. ಮರದ ತುಂಡನ್ನು ಲೇತಿನಲ್ಲಿ ತಿರುಗಿಸಿ, ಉಳಿ ಹಿಡಿದು ಕಡೆದು, ತಿರುಗುತ್ತಿರುವಾಗಲೇ ಅರಗಿನ ಬಣ್ಣ ಹಚ್ಚಿದ ಗೊಂಬೆ ಅದು. ಮೇಲಿನ ಒಂದೊಂದು ಬಣ್ಣದ ಪಟ್ಟೆಯೂ ಒಂದೇ ಅಕ್ಷದ ಸುತ್ತಲಿನ ವೃತ್ತ. ಬೇಲೂರು, ಹಳೇಬೀಡುಗಳಲ್ಲಿ ಕಡೆದು ಮಾಡಿದ ಬಳಪದ ಕಲ್ಲಿನ ಕಂಬಗಳ ಬಳೆಯಂಥ ಸುತ್ತುಗಳೂ ಹಾಗೆಯೇ. ಇಂಥ ವಸ್ತುವನ್ನು ಬಿಡಿಸುವ ನಿಯಮ ಒಂದೇ: ಪ್ರತಿ ದೀರ್ಘವೃತ್ತದ ಹ್ರಸ್ವಾಕ್ಷವೂ ಆ ವಸ್ತು ತಿರುಗುವ ಅಕ್ಷದ ಮೇಲೆಯೇ ಇರಬೇಕು. ಗಾಡಿಯ ಚಕ್ರಕ್ಕೂ ಇದೇ. ಹಂಪಿಯ ವಿಜಯ ವಿಠಲ ದೇವಸ್ಥಾನದ ಕಲ್ಲಿನ ರಥವನ್ನು ಓರೆಯಿಂದ ನೋಡಿದರೆ, ಅಚ್ಚು ಯಾವ ದಿಕ್ಕಿಗೆ ಚಾಚಿದೆಯೋ ಆ ದಿಕ್ಕಿಗೆ ಚಕ್ರದ ಹ್ರಸ್ವಾಕ್ಷ.

ಅಭ್ಯಾಸಕ್ಕೆ 15 ಸೆಂ.ಮೀ. ಉದ್ದದ ಅಕ್ಷವೊಂದನ್ನು ಓರೆಯಾಗಿ ಎಳೆಯಿರಿ. ಅದರ ಮೇಲೆ ದಪ್ಪ, ಸಣ್ಣ, ಮತ್ತೆ ದಪ್ಪ ಹೀಗೆ ಹತ್ತು ದೀರ್ಘವೃತ್ತಗಳನ್ನು ಪೋಣಿಸಿ. ಮುಗಿದ ಮೇಲೆ ಪ್ರತಿಯೊಂದರ ದೀರ್ಘಾಕ್ಷವನ್ನು ಕೆಂಪಿನಲ್ಲಿ ಎಳೆದು, ಅದು ಅಕ್ಷಕ್ಕೆ ಲಂಬವಾಗಿದೆಯೇ ಎಂದು ಜಾಮೆಟ್ರಿ ತ್ರಿಕೋನ ಇಟ್ಟು ನೋಡಿ. ಅಕ್ಷ ಓರೆಯಾದೊಡನೆ ಕೈ ದೀರ್ಘವೃತ್ತವನ್ನು ಮತ್ತೆ ಮಲಗಿಸಲು ಎಳೆಯುತ್ತದೆ, ಲೋಟ ವಾಲಿದಂತೆ ಕಾಣುವುದು ಇದರಿಂದ. ಹಾಳೆ ತಿರುಗಿಸಿ ಅಕ್ಷವನ್ನು ನಿಮ್ಮೆದುರು ನೆಟ್ಟಗೆ ಮಾಡಿಕೊಂಡರೆ ಅರ್ಧ ತೊಂದರೆ ಹೋಗುತ್ತದೆ.

ಇನ್ನೊಂದು ಸಂಗತಿಯನ್ನು ಮೇಜಿನ ಮೇಲಿನ ಲೋಟವೇ ಕಲಿಸುತ್ತದೆ. ಲೋಟದ ಬಾಯಿ ನಿಮ್ಮ ಕಣ್ಣಿನ ಮಟ್ಟಕ್ಕೆ ಹತ್ತಿರ, ತಳ ಇನ್ನೂ ಕೆಳಗೆ. ಹಾಗಾಗಿ ಬಾಯಿಯ ದೀರ್ಘವೃತ್ತ ಹೆಚ್ಚು ಚಪ್ಪಟೆ, ತಳದ್ದು ಹೆಚ್ಚು ದುಂಡು. ಲೋಟವನ್ನು ಬಾಯಿ ಕಣ್ಣಿನ ಮಟ್ಟಕ್ಕೆ ಬರುವಂತೆ ಎತ್ತಿ ಹಿಡಿಯಿರಿ: ಬಾಯಿ ಗೆರೆಯಾಗುತ್ತದೆ, ತಳ ಆಗಲೂ ಬಾಗಿಯೇ ಇರುತ್ತದೆ. ತಳವನ್ನು ನೇರ ಗೆರೆಯಾಗಿ ಬಿಡಿಸುವವರು ಈ ಪ್ರಯೋಗವನ್ನು ಒಮ್ಮೆ ಮಾಡಿದರೆ ಸಾಕು.

ಪೆಟ್ಟಿಗೆ

ಹಂಪಿಯ ವಿರೂಪಾಕ್ಷ ಬಜಾರಿನಲ್ಲಿ ನಿಂತು ದೂರಕ್ಕೆ ನೋಡಿದರೆ ಎರಡು ಬದಿಯ ಕಲ್ಲುಮಂಟಪಗಳ ಸಾಲು ಹತ್ತಿರ ಹತ್ತಿರ ಬರುತ್ತಾ ಹೋಗುತ್ತದೆ. ರೈಲು ಹಳಿಯೂ ಹಾಗೆ. ನಿಜದಲ್ಲಿ ಸಮಾನಾಂತರವಾಗಿದ್ದು ನಮ್ಮಿಂದ ದೂರ ಸರಿಯುವ ಗೆರೆಗಳು ಚಿತ್ರದಲ್ಲಿ ಒಂದೇ ಬಿಂದುವಿನತ್ತ ಸಾಗುತ್ತವೆ. ಅದೇ ವ್ಯಾನಿಶಿಂಗ್ ಪಾಯಿಂಟ್. ಪೆಟ್ಟಿಗೆಗೆ ಹನ್ನೆರಡು ಅಂಚು, ನಾಲ್ಕು ನಾಲ್ಕರಂತೆ ಮೂರು ಗುಂಪು, ಗುಂಪಿಗೊಂದು ವ್ಯಾನಿಶಿಂಗ್ ಪಾಯಿಂಟ್. ಪೆಟ್ಟಿಗೆ ಬಿಡಿಸುವುದೆಂದರೆ ಆ ನಾಲ್ಕೂ ಗೆರೆಗಳು ಒಂದೇ ಕಡೆ ಹೊರಟಿವೆಯೇ ಎಂದು ಕಾಯುವುದು.

ಆ ಬಿಂದು ಸಾಮಾನ್ಯವಾಗಿ ಹಾಳೆಯ ಆಚೆ ಎಲ್ಲೋ ಇರುತ್ತದೆ. ಅದನ್ನು ಹಾಳೆಯ ಮೇಲೆಯೇ ಗುರುತಿಸಿ ಸ್ಕೇಲಿನಿಂದ ಪೆಟ್ಟಿಗೆ ಮಾಡುವುದು ಡ್ರಾಫ್ಟಿಂಗ್ ಕೆಲಸ. ನಮಗೆ ಬೇಕಾದದ್ದು ಕಾಣದ ಬಿಂದುವನ್ನು ಊಹಿಸಿ ಎಳೆಯುವ ಕಣ್ಣು, ಆಮೇಲೆ ಆ ಊಹೆಯನ್ನು ಪರೀಕ್ಷಿಸುವ ಶಿಸ್ತು.

ಬೆಂಕಿಪೊಟ್ಟಣವನ್ನು ತೋಳಳತೆಯಲ್ಲಿ ಹಿಡಿದು, ಒಂದು ಕಣ್ಣು ಮುಚ್ಚಿ, ಮೂರು ಮುಖ ಕಾಣುವಂತೆ ತಿರುಗಿಸಿ. ನಿಮಗೆ ಅತಿ ಹತ್ತಿರದ ಮೂಲೆಯಲ್ಲಿ ಮೂರು ಅಂಚು ಕೂಡುತ್ತವೆ, ಇಂಗ್ಲಿಷಿನ ವೈ ಅಕ್ಷರದಂತೆ. ಆ ಮೂರು ಅಂಚುಗಳ ನಡುವಿನ ಮೂರು ಕೋನಗಳೂ 90 ಡಿಗ್ರಿಗಿಂತ ದೊಡ್ಡವು. ಹೇಗೆ ತಿರುಗಿಸಿದರೂ, ಮೂರು ಮುಖ ಕಾಣುವವರೆಗೆ ಇದು ಬದಲಾಗದು. ಹಾಗಾಗಿ:

1. ಹತ್ತಿರದ ಮೂಲೆಗೆ ಚುಕ್ಕಿ ಇಟ್ಟು, 3–4 ಸೆಂ.ಮೀ. ಉದ್ದದ ಮೂರು ಗೆರೆ ಎಳೆಯಿರಿ. ಮೂರು ಕೋನವೂ 90 ಡಿಗ್ರಿಗಿಂತ ಹೆಚ್ಚಿರಲಿ. ಒಂದು ಕಡಿಮೆಯಾದರೂ ಪೆಟ್ಟಿಗೆ ಸೊಟ್ಟಗಾಗುತ್ತದೆ.

2. ಪ್ರತಿ ಗೆರೆಯ ಕೊನೆಯಿಂದ ಎರಡೆರಡು ಗೆರೆ, ಒಟ್ಟು ಆರು. ಪ್ರತಿಯೊಂದನ್ನೂ ಎಳೆಯುವ ಮುಂಚೆ ಅದರ ಗುಂಪಿನ ಗೆರೆ ಯಾವುದೆಂದು ನೋಡಿ, ದೂರ ಹೋದಂತೆ ಕೊಂಚವೇ ಅದರತ್ತ ವಾಲುವಂತೆ ಚುಕ್ಕಿ ಇಟ್ಟು, ಗಾಳಿಯಲ್ಲಿ ಎಳೆದು, ಆಮೇಲೆ ಪೆನ್ನಿಳಿಸಿ. ಈಗ ಕಾಣುವ ಒಂಬತ್ತು ಅಂಚುಗಳು ಮುಗಿದವು.

3. ಹಿಂದೆ ಅಡಗಿರುವ ಮೂರು ಅಂಚುಗಳನ್ನೂ ಎಳೆಯಿರಿ, ಪೆಟ್ಟಿಗೆ ಗಾಜಿನದೆಂಬಂತೆ. ಮೂರೂ ಒಂದೇ ಬಿಂದುವಿನಲ್ಲಿ ಕೂಡಬೇಕು. ಕೂಡುವುದಿಲ್ಲ, ಸಣ್ಣ ತ್ರಿಕೋನವೊಂದು ಉಳಿಯುತ್ತದೆ. ಆ ತ್ರಿಕೋನದ ಗಾತ್ರವೇ ಮುಂಚಿನ ಒಂಬತ್ತು ಗೆರೆಗಳ ತಪ್ಪಿನ ಮೊತ್ತ. ಹಿಂದಿನ ಮೂಲೆಯನ್ನು ಜಗ್ಗಿ ಕೂಡಿಸಬೇಡಿ.

4. ಪರೀಕ್ಷೆ. ಒಂದು ಗುಂಪಿನ ನಾಲ್ಕು ಗೆರೆಗಳನ್ನು ಸ್ಕೇಲಿನಿಂದ ನಿಮ್ಮಿಂದ ದೂರ ಹೋಗುವ ದಿಕ್ಕಿಗೆ 10–12 ಸೆಂ.ಮೀ. ಮುಂದುವರಿಸಿ, ಕೆಂಪಿನಲ್ಲಿ. ಇನ್ನೊಂದು ಗುಂಪು ಹಸಿರು, ಮತ್ತೊಂದು ನೀಲಿ. ದೂರದ ದಿಕ್ಕು ಯಾವುದೆಂದು ಗೊಂದಲವಾದರೆ, ಹತ್ತಿರದ ಮೂಲೆಯಿಂದ ಹೊರಡುವ ಗೆರೆ ಚಾಚಿರುವ ಕಡೆಯೇ ದೂರ.

ಎ4 ಹಾಳೆಗೆ ನಾಲ್ಕರಿಂದ ಆರು ಪೆಟ್ಟಿಗೆ ಹಿಡಿಯುತ್ತವೆ. ಪರೀಕ್ಷೆಯ ಗೆರೆಗಳು ಒಂದರ ಮೇಲೊಂದು ಹಾಯ್ದರೂ ಬಣ್ಣದಿಂದ ಬೇರೆ ಮಾಡಬಹುದು.

ಬಣ್ಣದ ಗೆರೆಗಳನ್ನು ಓದುವುದು ಹೀಗೆ. ನಾಲ್ಕೂ ಒಂದೇ ಬಿಂದುವಿನತ್ತ ನಿಧಾನವಾಗಿ ಸೇರುತ್ತಿದ್ದರೆ ಸರಿ. ಎರಡೆರಡಾಗಿ ಬೇರೆ ಬೇರೆ ಕಡೆ ಸೇರುತ್ತಿದ್ದರೆ, ನೀವು ಒಂದು ಮುಖವನ್ನಷ್ಟೇ ನೋಡಿಕೊಂಡು ಎಳೆದಿದ್ದೀರಿ. ಎದುರಿನ ಮುಖದ ಅದೇ ಗುಂಪಿನ ಗೆರೆ ಕಣ್ತಪ್ಪಿದೆ. ಅತಿ ಸಾಮಾನ್ಯ ದೋಷ ಇದು. ದೂರ ಹೋದಂತೆ ಅಗಲವಾಗುತ್ತಿದ್ದರೆ ಪೆಟ್ಟಿಗೆಯ ಹಿಂಬದಿ ಮುಂಬದಿಗಿಂತ ದೊಡ್ಡದಾಗಿದೆ. ಸಮಾನಾಂತರವಾಗಿಯೇ ಉಳಿದರೆ ಅಷ್ಟೇನೂ ಕೆಟ್ಟದಲ್ಲ, ತುಂಬ ದೂರದಿಂದ ನೋಡಿದ ಪೆಟ್ಟಿಗೆ ಹಾಗೆ ಕಾಣುತ್ತದೆ. ಆದರೆ ಒಂದು ಗುಂಪು ಸಮಾನಾಂತರ, ಇನ್ನೊಂದು ಐದು ಸೆಂ.ಮೀ.ನಲ್ಲೇ ಸೇರಿಹೋಗುವುದು ಎಂದಾದರೆ ಕಣ್ಣಿಗೆ ಒಪ್ಪುವುದಿಲ್ಲ. ಎಲ್ಲ ಗುಂಪೂ ಬೇಗ ಬೇಗ ಸೇರಿದರೆ ಬೆಂಕಿಪೊಟ್ಟಣವೂ ಬಹುಮಹಡಿ ಕಟ್ಟಡದಂತೆ ಕಾಣುತ್ತದೆ. ಕೈಯಲ್ಲಿ ಹಿಡಿಯುವ ವಸ್ತುಗಳಲ್ಲಿ ಗೆರೆಗಳು ತೀರಾ ನಿಧಾನವಾಗಿ ಸೇರುತ್ತವೆ.

ಕೈಗೆ ಸ್ವಲ್ಪ ಹಿಡಿತ ಬಂದವರಿಗೆ ಇನ್ನೊಂದು ಗುಟ್ಟು. ಪ್ರತಿ ಗುಂಪಿನ ನಾಲ್ಕು ಗೆರೆಗಳಲ್ಲಿ ಎರಡು ಪೆಟ್ಟಿಗೆಯ ಹೊರಅಂಚಿನಲ್ಲಿರುತ್ತವೆ. ಉಳಿದೆರಡು, ಅಂದರೆ ಹತ್ತಿರದ ಮೂಲೆಯಿಂದ ಹೊರಟದ್ದು ಮತ್ತು ಹಿಂದೆ ಅಡಗಿದ್ದು, ಒಳಗಿರುತ್ತವೆ. ಒಳಗಿನ ಜೋಡಿ ಪರಸ್ಪರ ಹತ್ತಿರವಿರುವುದರಿಂದ ಅವುಗಳ ದಿಕ್ಕು ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಹಿಂದಿನ ಅಂಚು ಎಳೆಯುವಾಗ ಮುಂದಿನ ಅಂಚಿನ ದಿಕ್ಕನ್ನೇ ನೆನಪಿಟ್ಟುಕೊಂಡರೆ ಊಹೆ ತುಂಬ ಸರಿಯಾಗುತ್ತದೆ.

ನೂರು ಪೆಟ್ಟಿಗೆ ಗುರಿಯಿಟ್ಟುಕೊಳ್ಳಿ, ಸುಮಾರು ಇಪ್ಪತ್ತು ಹಾಳೆ. ಒಂದೇ ದಿನ ಮೂವತ್ತು ಬೇಡ, ದಿನಕ್ಕೆ ನಾಲ್ಕು ಸಾಕು. ಮೂರು ಕೋನವೂ ಸುಮಾರು 120 ಡಿಗ್ರಿ ಇರುವ ಪೆಟ್ಟಿಗೆಯನ್ನೇ ಕೈ ಮತ್ತೆ ಮತ್ತೆ ಬಿಡಿಸುತ್ತದೆ, ಅದು ಸುಲಭ. ಒಂದು ಕೋನ 95, ಇನ್ನೊಂದು 160 ಎಂಬಂಥ ಪೆಟ್ಟಿಗೆಗಳನ್ನು ಬೇಕೆಂದೇ ಆರಿಸಿಕೊಳ್ಳಿ. ಇಟ್ಟಿಗೆಯಂಥ ಉದ್ದದವು, ಪುಸ್ತಕದಂಥ ತೆಳುವಿನವು ಎಲ್ಲವೂ ಬರಲಿ.

ಪೆಟ್ಟಿಗೆಯೊಳಗೆ ದೀರ್ಘವೃತ್ತ

ಮೂವತ್ತು ಪೆಟ್ಟಿಗೆ ದಾಟಿದ ಮೇಲೆ ಎರಡನ್ನೂ ಕೂಡಿಸಿ. ಮೊದಲಿಗೆ, ಕರ್ಣ ಮತ್ತು ಅಡ್ಡಗೆರೆ ಎಳೆದಿಟ್ಟ ಹಳೆಯ ನಾಲ್ಕು ಬದಿಯ ಆಕಾರಗಳ ಒಳಗೆ, ನಾಲ್ಕೂ ಬದಿಯ ನಡುಬಿಂದುವಿಗೆ ತಾಗುವ ದೀರ್ಘವೃತ್ತ ಎಳೆಯಲು ನೋಡಿ. ಕೆಲವದರಲ್ಲಿ ನಯವಾಗಿ ಕೂರುತ್ತದೆ. ಕೆಲವದರಲ್ಲಿ ಆಕಾರ ಕೆಡಿಸದೆ ನಾಲ್ಕಕ್ಕೂ ತಾಗಿಸಲು ಆಗುವುದಿಲ್ಲ. ಅಲ್ಲಿ ತಾಗುವುದನ್ನು ಬಿಟ್ಟುಕೊಡಿ, ದೀರ್ಘವೃತ್ತದ ನಯವನ್ನು ಬಿಡಬೇಡಿ.

ಆಮೇಲೆ ಪೆಟ್ಟಿಗೆಯ ಎದುರುಬದುರಿನ ಎರಡು ಮುಖಗಳಲ್ಲಿ ದೀರ್ಘವೃತ್ತ ಹಾಕಿ, ಹೊರಅಂಚುಗಳನ್ನು ಎರಡು ಗೆರೆಯಿಂದ ಕೂಡಿಸಿದರೆ ಕೊಳವೆ ಸಿದ್ಧ. ಕರ್ಣಗಳು ಕೂಡುವ ಬಿಂದು ವೃತ್ತದ ನಿಜವಾದ ಕೇಂದ್ರ. ಅದು ದೀರ್ಘವೃತ್ತದ ನಟ್ಟನಡುವೆ ಇರುವುದಿಲ್ಲ, ಸ್ವಲ್ಪ ಆಚೆ ಇರುತ್ತದೆ. ಹತ್ತಿರದ ಅರ್ಧ ದೊಡ್ಡದಾಗಿ ಕಾಣುವುದರಿಂದ ಹೀಗೆ, ತಪ್ಪಾಯಿತೆಂದು ಸರಿಸಬೇಡಿ. ಪರೀಕ್ಷೆ: ದೀರ್ಘವೃತ್ತದ ಹ್ರಸ್ವಾಕ್ಷವನ್ನು ಮುಂದುವರಿಸಿ. ಅದು ಪೆಟ್ಟಿಗೆಯ ಉದ್ದದ ನಾಲ್ಕು ಅಂಚುಗಳು ಸೇರುವ ಬಿಂದುವಿನತ್ತ ಹೋಗುತ್ತಿದ್ದರೆ ಪೆಟ್ಟಿಗೆಯ ಆ ಮುಖ ಸರಿಯಾದ ಚೌಕ. ಬೇರೆ ಕಡೆ ಹೋದರೆ ಮುಖ ಆಯತವಾಗಿದೆ. ಚೌಕ ಬಂತೇ ಇಲ್ಲವೇ ಎಂಬುದನ್ನು ಕಣ್ಣಂದಾಜಿಗಿಂತ ಈ ದೀರ್ಘವೃತ್ತ ಚೆನ್ನಾಗಿ ಹೇಳುತ್ತದೆ.

ದಿನಚರಿ

ದಿನಕ್ಕೆ ಮೂವತ್ತು ನಿಮಿಷ. ಮೊದಲ ವಾರ ಪೂರ್ತಿ ಗೆರೆ. ಎರಡು, ಮೂರನೆಯ ವಾರ ಐದು ನಿಮಿಷ ಗೆರೆ, ಉಳಿದದ್ದು ದೀರ್ಘವೃತ್ತ. ನಾಲ್ಕನೆಯ ವಾರದಿಂದ ಐದು ನಿಮಿಷ ಗೆರೆ, ಐದು ನಿಮಿಷ ದೀರ್ಘವೃತ್ತ, ಇಪ್ಪತ್ತು ನಿಮಿಷ ಪೆಟ್ಟಿಗೆ ಮತ್ತು ಅದರ ಪರೀಕ್ಷೆ. ಭಾನುವಾರ ಮೂರು ಗಂಟೆ ಕೂತು ವಾರವಿಡೀ ಬಿಡುವುದಕ್ಕಿಂತ ಇದು ಕೈಗೆ ಹಿಡಿಸುತ್ತದೆ. ಕೆಂಪು ಗುರುತುಗಳನ್ನು ಅಂದೇ ತಿದ್ದಲು ಕೂರಬೇಡಿ, ಮರುದಿನದ ಹೊಸ ಹಾಳೆಯಲ್ಲಿ ಅವುಗಳನ್ನು ನೆನಪಿಟ್ಟುಕೊಂಡು ಎಳೆಯಿರಿ. ಟ್ಯಾಬ್ಲೆಟ್ಟಿನಲ್ಲಿ ಬಿಡಿಸುವವರೂ ಮೊದಲ ಎರಡು ತಿಂಗಳು ಕಾಗದದಲ್ಲೇ ಮಾಡುವುದು ಒಳ್ಳೆಯದು. ಚಿಕ್ಕ ಪರದೆ ಕೈಯನ್ನು ಮತ್ತೆ ಮಣಿಕಟ್ಟಿಗೆ ಇಳಿಸುತ್ತದೆ, ಅನ್‌ಡೂ ಬಟನ್ ರಬ್ಬರಿನ ಕೆಲಸ ಮಾಡುತ್ತದೆ.

ನೂರು ಪೆಟ್ಟಿಗೆ ಮುಗಿದ ದಿನ ಅದೇ ಲೋಟವನ್ನು, ಈ ಸಲ ದಬರಿಯ ಜೊತೆ, ಮತ್ತೆ ಬಿಡಿಸಿ. ಮೊದಲು ಕಣ್ಣಿನ ಮಟ್ಟ ಎಲ್ಲಿದೆ ನೋಡಿ, ನಡುವೆ ಒಂದು ನೆಟ್ಟಗಿನ ಅಕ್ಷ ಎಳೆಯಿರಿ, ಅದರ ಮೇಲೆ ಬಾಯಿ, ಕಂಠ, ತಳಕ್ಕೆ ದೀರ್ಘವೃತ್ತಗಳನ್ನು ಪೂರ್ತಿಯಾಗಿ, ಹಿಂದಿನ ಕಾಣದ ಅರ್ಧವನ್ನೂ ಸೇರಿಸಿ ಎಳೆದು, ಆಮೇಲೆ ಪಕ್ಕದ ಗೆರೆಗಳನ್ನು ಭುಜದಿಂದ ಒಂದೇ ಎಳೆತಕ್ಕೆ ಇಳಿಸಿ. ದಬರಿಯ ಮಡಚಿದ ಅಂಚಿಗೆ ಒಂದರೊಳಗೊಂದು ಎರಡು ದೀರ್ಘವೃತ್ತ ಬೇಕು. ಅವುಗಳ ನಡುವಿನ ಸಂದು ಎಡ ಬಲದ ತುದಿಗಳಲ್ಲಿ ಅಗಲ, ಮುಂದೆ ಕಿರಿದು, ಹಿಂದೆ ಇನ್ನೂ ಕಿರಿದು.